ಸುಟ್ಟ ಕಲ್ಲಿನಿಂದಲೇ ಗೋಡೆ (ನೆಹೆಮೀಯ 4)

ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬಂದು ಬೆಂಗಳೂರಲ್ಲಿ ಪಿಜಿ, ರೂಮ್ ಮಾಡ್ಕೊಂಡು ದುಡೀತಿರೋ ಯೌವನಸ್ಥರು ಇವತ್ತು ಜಾಸ್ತಿ ಇದ್ದೀರ. ದೇವರಿಗೆ ಸ್ತೋತ್ರ. ಮೊಬೈಲ್‌ನಲ್ಲಿ ಬೈಬಲ್ ಇರೋರು ಮೊಬೈಲ್ ತೆಗೀರಿ, ಪುಸ್ತಕ ತಂದಿರೋರು ಪುಸ್ತಕ ತೆಗೀರಿ. ನೆಹೆಮೀಯ 4ನೇ ಅಧ್ಯಾಯ, 2ನೇ ವಚನ.

ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ. ನೆಹೆಮೀಯ ಕಟ್ಟೋಕೆ ಶುರು ಮಾಡಿದ್ದಾನೆ. ಸನ್ಬಲ್ಲಟ ಎದುರಿಗೆ ನಿಂತು ನಗ್ತಾನೆ. ಕಸದ ಗುಡ್ಡೆಯಲ್ಲಿ ಸುಟ್ಟು ಬಿದ್ದಿರೋ ಕಲ್ಲಿಗೆ ಇವರು ಜೀವ ಕೊಡ್ತಾರಾ ಅಂತ ಅವನ ಪ್ರಶ್ನೆ. ನಮ್ಮೂರ ಮಾತಲ್ಲಿ ಹೇಳೋದಾದ್ರೆ, "ಇದು ಗುಜರಿ ಕಣಯ್ಯಾ, ತೂಕಕ್ಕೆ ಹಾಕು" ಅಂತ.

ಈ ಮಾತು ನಿಮ್ಮಲ್ಲಿ ಕೆಲವರಿಗೆ ಹೊಸದಲ್ಲ. ಒಬ್ಬ ತಮ್ಮ ಮೊನ್ನೆ ರಾತ್ರಿ ನನಗೆ ಮೆಸೇಜ್ ಕಳಿಸಿದ. ಅವನ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ. ಮೊಬೈಲ್‌ನಲ್ಲಿ ಬೆಟ್ಟಿಂಗ್ ಆಡಿ ಸಾಲ ಮಾಡ್ಕೊಂಡಿದ್ದಾನೆ. ಮೂರು ಸಲ ಬಿಟ್ಟ, ಮೂರು ಸಲವೂ ಮತ್ತೆ ಬಿದ್ದ. "ಅಣ್ಣಾ, ಪ್ರಾರ್ಥನೆ ಲಿಸ್ಟಿಂದ ನನ್ನ ಹೆಸರು ತೆಗೆದುಬಿಡಿ. ದೇವರು ನನ್ನ ಕೈಬಿಟ್ಟಾಯ್ತು" ಅಂತ ಬರೆದಿದ್ದ. ಪ್ರಿಯರೇ, ಇವತ್ತಿನ ವಾಕ್ಯ ಅವನಿಗೆ.

ಇದು ಅರ್ಥ ಆಗೋಕೆ ಒಂದು ಹಳೇ ಕಾರಿನ ವಿಷಯ ಹೇಳ್ತೀನಿ. ನಮ್ಮ ಸಭೆಯ ಒಬ್ಬ ಸಹೋದರರು ತಮ್ಮ ತಂದೆಯ ಪ್ರೀಮಿಯರ್ ಪದ್ಮಿನಿಯನ್ನ ಮತ್ತೆ ಓಡೋ ಹಾಗೆ ಮಾಡಿಸ್ತಿದ್ದಾರೆ. ಊರಲ್ಲಿ ಎಲ್ಲರೂ ಅದನ್ನ "ಫಿಯಟ್" ಅಂತಲೇ ಕರೀತಿದ್ರು. ಅದು ಇಟಲಿಯ ಫಿಯಟ್ 1100ರ ಮಾದರಿ. ಪ್ರೀಮಿಯರ್ ಕಂಪನಿಯವರು ಮುಂಬೈಯ ಕುರ್ಲಾದಲ್ಲಿ ತಯಾರು ಮಾಡ್ತಿದ್ರು, 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬಂತು. 1089 ಸಿಸಿ ಎಂಜಿನ್, ಗೇರು ಸ್ಟಿಯರಿಂಗ್ ಪಕ್ಕದಲ್ಲಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಜೋರಾಗಿದ್ದ ಕಾಲ, ಊರಿಗೆ ಎರಡನೇ ಮುಂಬೈ ಅಂತ ಹೆಸರಿದ್ದ ಕಾಲ. ಇವರ ತಂದೆ ಶೇಂಗಾ ವ್ಯಾಪಾರಕ್ಕೆ ಮೊಳಕಾಲ್ಮೂರಿಂದ ಚಳ್ಳಕೆರೆಗೆ ಅದರಲ್ಲೇ ಬರ್ತಿದ್ರು. ಅವರು ತೀರಿಕೊಂಡ ಮೇಲೆ ಕಾರು ಮನೆ ಹಿಂದೆ ಬೇವಿನ ಮರದ ಕೆಳಗೆ ನಿಂತಿತು. ಗುಜರಿಯವರು ಎಷ್ಟೋ ಸಲ ಬಂದು ಕೇಳಿದ್ರು. ಇವರು ಕೊಡಲಿಲ್ಲ, ಟೋ ಮಾಡಿಸಿ ಚಳ್ಳಕೆರೆಯ ಒಬ್ಬ ಹಳೇ ಮೇಸ್ತ್ರಿಯ ಗ್ಯಾರೇಜಿಗೆ ತಂದ್ರು.

ಮೊದಲನೇ ದಿನವೇ ಸಹೋದರರು, "ಮೇಸ್ತ್ರಿ, ಮೊದಲು ಪೇಂಟ್ ಹೊಡೆಸಿಬಿಡೋಣ, ನೋಡೋಕೆ ಚೆನ್ನಾಗಿರುತ್ತೆ" ಅಂದ್ರು. ಮೇಸ್ತ್ರಿ, "ಪೇಂಟ್ ಕೊನೆಗೆ ಸ್ವಾಮಿ. ಬಾನೆಟ್ ಎತ್ತಿ ಮೊದಲು" ಅಂದ್ರು.

ಯಾಕೆ ಗೊತ್ತಾ? ನಮ್ಮ ಕಡೆ ಮಳೆ ಕಡಿಮೆ. ಕರಾವಳಿಯಲ್ಲಿ ಹಿಡಿಯೋ ಹಾಗೆ ತಗಡಿಗೆ ಬೇಗ ತುಕ್ಕು ಹಿಡಿಯಲ್ಲ. ಹೊರಗಿಂದ ನೋಡಿದ್ರೆ ಪರವಾಗಿಲ್ಲ ಅನ್ನಿಸುತ್ತೆ. ಆದ್ರೆ ಬಿಸಿಲಿಗೆ ಕಿಟಕಿಯ ರಬ್ಬರೆಲ್ಲ ಸೀಳಿರುತ್ತೆ, ವೈರನ್ನ ಇಲಿ ಕಡಿದಿರುತ್ತೆ, ಟ್ಯಾಂಕಿನಲ್ಲಿ ಹಳೇ ಪೆಟ್ರೋಲು ಅಂಟಾಗಿರುತ್ತೆ, ಬ್ರೇಕ್ ವಾಷರ್ ಕೆಲಸಕ್ಕೆ ಬರೋದಿಲ್ಲ. ಅದರ ಮೇಲೆ ಪೇಂಟ್ ಹೊಡೆದು ರೋಡಿಗೆ ಬಿಟ್ರೆ ಏನಾಗುತ್ತೆ? ಹೊಳೆಯೋ ಗಾಡಿ ಬ್ರೇಕ್ ಇಲ್ಲದೆ ಹೋಗುತ್ತೆ.

ನೆಹೆಮೀಯ 2ನೇ ಅಧ್ಯಾಯದಲ್ಲಿ ಅವನು ರಾತ್ರಿ ಹೊತ್ತು, ಯಾರಿಗೂ ಹೇಳದೆ, ಕೆಲವೇ ಜನರ ಜೊತೆ ಹೋಗಿ ಬಿದ್ದ ಗೋಡೆಯನ್ನ ಸುತ್ತಿ ನೋಡ್ತಾನೆ. ಒಂದು ಕಡೆ ಅವನು ಹತ್ತಿದ್ದ ಪ್ರಾಣಿಗೆ ದಾಟೋಕೂ ಜಾಗ ಇರಲಿಲ್ಲ. ಅಷ್ಟು ಕಸ! ಅದನ್ನೆಲ್ಲ ಕಣ್ಣಾರೆ ನೋಡಿದ ಮೇಲೆಯೇ "ಕಟ್ಟೋಣ" ಅಂದ. ಭಾನುವಾರ ಇಸ್ತ್ರಿ ಅಂಗಿ ಹಾಕ್ಕೊಂಡು ಕೈ ಎತ್ತಿ ಆರಾಧನೆ ಮಾಡ್ತೀವಿ, ಒಳ್ಳೇದು. ಬಾನೆಟ್ ಎತ್ತಿ ಯಾರಿಗಾದ್ರೂ ತೋರಿಸಿದ್ದೀವಾ? ಎಷ್ಟು ಸಾಲ, ಯಾವ ಆ್ಯಪ್, ರಾತ್ರಿ ಎಷ್ಟು ಗಂಟೆವರೆಗೆ?

ಮುಂದಿನ ವಿಷಯ ಪಾರ್ಟ್ಸು. ಈ ಕಾರಿನ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯ್ತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಹೋದವು. ಟ್ಯಾಕ್ಸಿ ಓಡ್ತಿದ್ದಷ್ಟು ದಿನ ಸಾಮಾನು ಬೇಕಾಗ್ತಿತ್ತು, ಅಂಗಡಿಯವರು ಇಡ್ತಿದ್ರು. ಈಗ ಹುಡುಕಬೇಕು. ಸಹೋದರರು ಶನಿವಾರ ಬಂತಂದ್ರೆ ಹಳೇ ಪಾರ್ಟು ಕೈಯಲ್ಲಿ ಹಿಡ್ಕೊಂಡು ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಸುತ್ತಿದ್ರು. ಫೋಟೋ ನೋಡಿ ಕೊರಿಯರ್‌ನಲ್ಲಿ ತರಿಸಿದ ಒಂದು ಪಾರ್ಟು ನೋಡೋಕೆ ಅದೇ ಥರ ಇತ್ತು, ಥ್ರೆಡ್ ಬೇರೆ. ದುಡ್ಡೂ ಹೋಯ್ತು, ಒಂದು ತಿಂಗಳೂ ಹೋಯ್ತು. ಎಲ್ಲೂ ಸಿಗದ ಬುಷ್‌ಗಳನ್ನ ಲೇತ್‌ನಲ್ಲಿ ಮಾಡಿಸಬೇಕಾಯ್ತು.

ಇಲ್ಲಿ ನಮ್ಮಂಥ ಸಭೆಗಳಲ್ಲಿ ಒಂದು ಗೊಂದಲ ಇದೆ. ಪ್ರಾರ್ಥನೆ ಮಾಡಿದ್ರೆ ಸಾಕು, ಬೇರೆ ಕಡೆ ಕೇಳೋದು ಅವಿಶ್ವಾಸ ಅಂತ ಕೆಲವರು ಅಂದ್ಕೋತಾರೆ. ನೆಹೆಮೀಯ ಸುಮಾರು ನಾಲ್ಕು ತಿಂಗಳು ಪ್ರಾರ್ಥನೆ, ಉಪವಾಸ ಮಾಡಿದ. ಆಮೇಲೆ ರಾಜನ ಹತ್ರ ಏನು ಕೇಳಿದ? ಪತ್ರ ಕೇಳಿದ! ರಾಜನ ಕಾಡು ನೋಡಿಕೊಳ್ಳೋ ಆಸಾಫನಿಗೆ ಪತ್ರ ಕೊಡಿ, ಬಾಗಿಲಿಗೆ ಮರ ಬೇಕು ಅಂದ. ಯಾವ ಸಾಮಾನು ಬೇಕು, ಯಾರ ಹತ್ರ ಇದೆ ಅಂತ ಅವನಿಗೆ ಗೊತ್ತಿತ್ತು. ತಮ್ಮಾ, ನಿಮ್ಹಾನ್ಸ್‌ಗೆ ಹೋಗಿ ಡಾಕ್ಟರ್ ನೋಡೋದು, ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡೋದು, ಸಾಲದ ಲೆಕ್ಕವನ್ನ ಅಪ್ಪನ ಮುಂದೆ ಇಡೋದು, ಇವೆಲ್ಲ ಆಸಾಫನಿಗೆ ಬರೆದ ಪತ್ರ. ಮೊಣಕಾಲೂರಿ ಕೇಳು, ಎದ್ದು ಹೋಗಿ ತಗೊಂಡು ಬಾ. ಆಮೆನ್?

ಈಗ ಕಷ್ಟದ ಭಾಗಕ್ಕೆ ಬರ್ತೀನಿ. ಎಂಜಿನ್ ಜಾಮ್ ಆಗಿತ್ತು. ಸಹೋದರರಿಗೆ ಅವಸರ, ಬ್ಯಾಟರಿ ಹಾಕಿ ಸೆಲ್ಫ್ ಹೊಡೀರಿ ಅಂದ್ರು. ಮೇಸ್ತ್ರಿ ಬಿಡಲಿಲ್ಲ. ಬಲವಂತ ಮಾಡಿದ್ರೆ ರಿಂಗ್ ಮುರಿಯುತ್ತೆ ಅಂತ ಪ್ಲಗ್ ಬಿಚ್ಚಿ, ಸಿಲಿಂಡರ್ ಒಳಗೆ ಎಣ್ಣೆ ಬಿಟ್ಟು, ದಿನಾ ಸ್ಪ್ಯಾನರ್ ಹಾಕಿ ಕೈಯಿಂದಲೇ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿದ್ರು. ಎರಡನೇ ವಾರ ಸಡಿಲ ಆಯ್ತು. ತಿಂಗಳುಗಳಾದ ಮೇಲೆ ಒಂದು ಸಂಜೆ ಸ್ಟಾರ್ಟೂ ಆಯ್ತು. ಗ್ಯಾರೇಜಲ್ಲಿ ಎಲ್ಲರೂ ಚಪ್ಪಾಳೆ! ಮೂರನೇ ದಿನ ಎಂಜಿನ್ ಆಯಿಲ್ ನೋಡಿದ್ರೆ ಮಜ್ಜಿಗೆ ಥರ ಬೆಳ್ಳಗಾಗಿದೆ. ನೀರು ಆಯಿಲ್‌ಗೆ ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಮತ್ತೆ ಎಲ್ಲಾ ಬಿಚ್ಚಬೇಕು.

ನೆಹೆಮೀಯ 4ರಲ್ಲೂ ಹೀಗೇ. 6ನೇ ವಚನದಲ್ಲಿ ಗೋಡೆ ಅರ್ಧ ಎತ್ತರಕ್ಕೆ ಬಂದಿದೆ. 10ನೇ ವಚನದಲ್ಲಿ ಜನ ಅಳ್ತಾರೆ: ಹೊರೋರಿಗೆ ಶಕ್ತಿ ಇಲ್ಲ, ಕಸ ಇನ್ನೂ ತುಂಬಾ ಇದೆ, ನಮ್ಮ ಕೈಯಲ್ಲಿ ಆಗಲ್ಲ. ಗಮನಿಸಿ, ಈ ಮಾತು ಬಂದದ್ದು ಅರ್ಧ ಕಟ್ಟಿದ ಮೇಲೆ.

ಅವತ್ತು ಸಹೋದರರು ಮನಸ್ಸು ಮುರಿದು, ಗುಜರಿಗೇ ಹಾಕಿಬಿಡೋಣ ಅಂದ್ರಂತೆ. ಮೇಸ್ತ್ರಿ ಏನೂ ಮಾತಾಡದೆ ಕಪಾಟು ತೋರಿಸಿದ್ರು. ಅಲ್ಲಿ ಸಾಲಾಗಿ ಹಾರ್ಲಿಕ್ಸ್ ಡಬ್ಬಿ, ಐಸ್‌ಕ್ರೀಮ್ ಡಬ್ಬಿ. ಬಿಚ್ಚಿದ ಒಂದೊಂದು ನಟ್ಟು, ಬೋಲ್ಟು ಡಬ್ಬಿಯಲ್ಲಿ ಹಾಕಿ, ಎಲ್ಲಿಯದು ಅಂತ ಚೀಟಿ ಅಂಟಿಸಿದ್ದಾರೆ.

ಪ್ರಿಯರೇ, ಗುಜರಿಯಲ್ಲಿ ಬಿಚ್ಚಿದ ಗಾಡಿ, ಗ್ಯಾರೇಜಲ್ಲಿ ಬಿಚ್ಚಿದ ಗಾಡಿ, ದೂರದಿಂದ ನೋಡಿದ್ರೆ ಎರಡೂ ಒಂದೇ ಥರ. ಗುಜರಿಯವನು ಚೀಟಿ ಅಂಟಿಸಲ್ಲ. ಮತ್ತೆ ಜೋಡಿಸಬೇಕು ಅಂತ ಇರೋನು ಮಾತ್ರ ಅಂಟಿಸ್ತಾನೆ. ಕರ್ತನು ನಮ್ಮ ತಲೆಕೂದಲನ್ನೂ ಎಣಿಸಿದ್ದಾನೆ ಅಂತ ವಾಕ್ಯ ಹೇಳುತ್ತೆ. ನೀನು ಬಿಚ್ಚಿದ ಸ್ಥಿತಿಯಲ್ಲಿ ಇದ್ದೀಯ, ನಿಜ. ಆದ್ರೆ ಯಾರ ಗ್ಯಾರೇಜಲ್ಲಿ ಇದ್ದೀಯ ನೋಡು!

ಮೊಳಕಾಲ್ಮೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆ ಎಳೆ ಕಡಿದ್ರೆ ನೇಕಾರರು ಸೀರೆ ಹರಿದು ಹಾಕಲ್ಲ. ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ ಮುಂದೆ ನೇಯ್ತಾರೆ.

ಇನ್ನೊಂದು ಮಾತು. ಕೊನೆಗೆ ಆ ಕಾರಿಗೆ ಬೇಕಾದ ಎಷ್ಟೋ ಸಾಮಾನು ಸಿಕ್ಕಿದ್ದು ಇನ್ನೊಂದು ಪದ್ಮಿನಿಯಿಂದ. ಅದು ತನ್ನದನ್ನೆಲ್ಲ ಕೊಟ್ಟು ಬರಿದಾಯ್ತು, ಇದು ಓಡುತ್ತೆ. ನಮಗೋಸ್ಕರವೂ ಒಬ್ಬನು ತನ್ನ ದೇಹವನ್ನೇ ಕೊಟ್ಟನು. ಆ ಗಾಡಿ ಮತ್ತೆ ಏಳಲ್ಲ, ನಮ್ಮ ಕರ್ತನು ಮೂರನೇ ದಿನ ಎದ್ದನು. ಹಲ್ಲೆಲೂಯ!

ಕಾರು ಮುಗೀತಾ ಅಂತ ಕೇಳ್ತೀರ. ಇನ್ನೂ ಇಲ್ಲ. ಹೆಡ್ ಫೇಸಿಂಗ್ ಮಾಡಿಸಿ ತಂದಿದ್ದಾರೆ, ಜೋಡಿಸ್ತಿದ್ದಾರೆ, ಪೇಂಟ್ ಆಗಿಲ್ಲ. ಯೆರೂಸಲೇಮಿನ ಗೋಡೆ 52 ದಿನದಲ್ಲಿ ಮುಗೀತು. ನಿನ್ನದು ಎಷ್ಟು ದಿನ ಅಂತ ನಾನು ಹೇಳಲಾರೆ. ಫಿಲಿಪ್ಪಿ 1:6ರಲ್ಲಿ ಪೌಲನು ಹೇಳೋದು ಇಷ್ಟು: ಶುರು ಮಾಡಿದವನೇ ಮುಗಿಸ್ತಾನೆ.

ತಮ್ಮಾ, ನಿನ್ನ ಹೆಸರು ಲಿಸ್ಟಿಂದ ತೆಗೆದಿಲ್ಲ. ಕೂಟ ಮುಗಿದ ಮೇಲೆ ಯಾರಿಗಾದ್ರೂ ಬಾನೆಟ್ ಎತ್ತಿ ತೋರಿಸಬೇಕು ಅನ್ನಿಸಿದ್ರೆ ಹಿಂದಿನ ಕೋಣೆಯಲ್ಲಿ ನಾನೂ ಹಿರಿಯರೂ ಇರ್ತೀವಿ. ಫೋಟೋ ಇಲ್ಲ, ವಿಡಿಯೋ ಇಲ್ಲ, ಮೈಕ್ ಇಲ್ಲ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಸುಟ್ಟ ಕಲ್ಲನ್ನು ಎಸೆಯದ ದೇವರೇ, ನಿನಗೆ ಸ್ತೋತ್ರ. ಮತ್ತೆ ಬಿದ್ದ ಮಕ್ಕಳನ್ನು ನಿನ್ನ ಕೈಯಲ್ಲಿ ಇಡುತ್ತೇವೆ. ನೋಡುವ ಧೈರ್ಯ ಕೊಡು, ಕೇಳುವ ದೀನತೆ ಕೊಡು, ಕಾಯುವ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.