ಉತಾರದೊಳಗಿನ ಖರಾಬು

ನಮ್ಮ ಭಾಗದ ರೈತರು ಪಹಣಿಗೆ ಉತಾರ ಎನ್ನುತ್ತಾರೆ. ಹೊಲ ಮಾರುವಾಗ, ಸಾಲ ತೆಗೆಯುವಾಗ, ಅಣ್ಣತಮ್ಮಂದಿರು ಬೇರೆಯಾಗುವಾಗ ಕೈಗೆ ಬರುವ ಆ ಹಾಳೆಯನ್ನು ಬೇರೆ ಹೊತ್ತಿನಲ್ಲಿ ಸಾವಧಾನವಾಗಿ ಓದುವವರು ಕಡಿಮೆ. ಅದರಲ್ಲಿರುವ ಎರಡು ಮಾತುಗಳು ನಮ್ಮನ್ನು ಬಹುಕಾಲದಿಂದ ಕಾಡಿವೆ. ಒಂದು 'ಖರಾಬು', ಇನ್ನೊಂದು 'ಋಣ'.

ಖರಾಬು ನಮ್ಮ ಉರ್ದು ಮನೆಮಾತಿನ ಶಬ್ದ. ಕೆಟ್ಟದ್ದು, ಕೆಲಸಕ್ಕೆ ಬಾರದ್ದು ಎಂದರ್ಥ. ಸರ್ವೆ ನಂಬರಿನೊಳಗೆ ಬೆಳೆ ಬಾರದ, ಆದ್ದರಿಂದ ಕಂದಾಯವೂ ಬಾರದ ಜಾಗವನ್ನು ಹೀಗೆ ಕರೆಯುತ್ತಾರೆ. ಕಲ್ಲುಬಂಡೆಯಂಥದು 'ಎ' ಖರಾಬು. ಹಳ್ಳ, ಕಾಲುವೆ, ದಾರಿಯಂಥ ಹತ್ತು ಮಂದಿಯ ಉಪಯೋಗದ್ದು 'ಬಿ' ಖರಾಬು. 19ನೇ ಶತಮಾನದ ನಡುಭಾಗದಲ್ಲಿ ಮುಂಬೈ ಸರ್ಕಾರದವರು ಧಾರವಾಡ ಸೀಮೆಯನ್ನು ಅಳೆದದ್ದು ಕಂದಾಯ ಕಟ್ಟಲಿಕ್ಕೆ. ಆ ಕಣ್ಣಿಗೆ ನೀರು ಹರಿಯುವ ದಾರಿ ಕೆಟ್ಟ ನೆಲವಾಗಿ ಕಂಡರೆ ಆಶ್ಚರ್ಯವಿಲ್ಲ. ಅವರು ಹೋದ ಮೇಲೂ ಆ ಕಣ್ಣು ನಮ್ಮಲ್ಲೇ ಉಳಿದಿದೆ.

ಹುಬ್ಬಳ್ಳಿ-ಧಾರವಾಡ ಇರುವ ಜಾಗವನ್ನೇ ನೋಡಿ. ಇದೊಂದು ಏರು. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಪಡುವಣಕ್ಕೆ ಮಸಾರಿ ಮಣ್ಣು, ಮೂಡಣಕ್ಕೆ ಎರೆ ಹೊಲ. ಏರಿನ ಮೇಲೆ ಕೂತ ಊರಿಗೆ ದೊಡ್ಡ ನದಿಯಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟರೆ ಉಂಟು, ಬಿಟ್ಟರೆ ಇಲ್ಲ. ಅದಕ್ಕೇ ಇಲ್ಲಿ ಇಷ್ಟೊಂದು ಕೆರೆಗಳ ಹೆಸರು: ಉಣಕಲ್ಲು, ತೋಳನಕೆರೆ, ಕೆಲಗೇರಿ, ಸಾಧನಕೇರಿ, ನುಗ್ಗಿಕೇರಿ, ಲಕ್ಷ್ಮೀಸಿಂಗನಕೆರೆ. ಕೆಲವು ಹೆಸರಿನ ಹಿಂದೆ ಇನ್ನೂ ನೀರಿದೆ, ಕೆಲವು ಹೆಸರಿನ ಮೇಲೆ ಮನೆಗಳಿವೆ.

1950ರ ದಶಕದಲ್ಲಿ ಕಲಘಟಗಿ ಕಡೆಯ ನೀರಸಾಗರದಿಂದ, ಮುಂದೆ ನವಿಲುತೀರ್ಥದ ಮಲಪ್ರಭೆ ಜಲಾಶಯದಿಂದ ಕೊಳವೆಯಲ್ಲಿ ನೀರು ಬಂತು. ನೀರು ಕೊಳವೆಯಲ್ಲಿ ಬಂದ ಮೇಲೆ ಕೆರೆ ಬರೀ ಜಾಗವಾಯಿತು. ಅದೂ ಸಾಲದೆ ಈಗ ಮಹದಾಯಿಯತ್ತ ನೋಡುತ್ತಿದ್ದೇವೆ. 2018ರ ನ್ಯಾಯಮಂಡಳಿ ತೀರ್ಪು ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ನೀರು ಕೊಟ್ಟಿತು. ಅದಕ್ಕಾಗಿ 2015ರಿಂದ ನವಲಗುಂದ, ನರಗುಂದದ ರೈತರು ರಸ್ತೆಯಲ್ಲಿ ಕೂತರು, ಲಾಠಿ ಏಟು ತಿಂದರು. ಅವರ ಬೇಡಿಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಎರೆ ಸೀಮೆಯ ಸವಳು ನೀರು ಕುಡಿದವರಿಗೇ ಅದರ ಕಷ್ಟ ಗೊತ್ತು. ಆದರೆ ಅವರ ಹೋರಾಟದ ಫಲವನ್ನು ಕುಡಿಯಲಿರುವ ನಗರ, ತನ್ನ ತಲೆಯ ಮೇಲೆ ಬೀಳುವ ಮಳೆಗೆ ಏನು ಮಾಡಿದೆ ಎಂದು ಯಾರಾದರೂ ಕೇಳಬೇಕಲ್ಲ?

2017ರ ಬರದಲ್ಲಿ ನೀರಸಾಗರದ ತಳ ಬಿರುಕುಬಿಟ್ಟಿತ್ತು. 2019ರ ಆಗಸ್ಟಿನಲ್ಲಿ ಉಣಕಲ್ಲ ಕೆರೆ ಕೋಡಿ ಬಿದ್ದು ನಾಲೆ ಮನೆಗಳೊಳಗೆ ನುಗ್ಗಿತು. ಎರಡು ವರ್ಷದ ಅಂತರದಲ್ಲಿ ಒಂದೇ ಊರು ನೀರಿಲ್ಲವೆಂದೂ ಅತ್ತಿತು, ನೀರು ಬಂತೆಂದೂ ಅತ್ತಿತು. ಆಗ ಪೇಪರಿನವರು ಮಳೆಯನ್ನು ಬೈದರು. ಮಳೆ ತನ್ನ ಹಳೆಯ ದಾರಿಯಲ್ಲೇ ಬಂದಿತ್ತು.

ಹೊಲ ಬಡಾವಣೆಯಾಗಬೇಕಾದರೆ ಎನ್‌ಎ ಆಗಬೇಕು. ಆಗ ಆ ಸರ್ವೆ ನಂಬರಿನ ಮಾಲೀಕ ಯಾರು, ನಕ್ಷೆಯಲ್ಲಿ ಅದರ ಬಣ್ಣವೇನು, ರಸ್ತೆ ಎಷ್ಟು ಅಗಲ ಎಂದು ಕೇಳುತ್ತಾರೆ. ಮೇಲಿನ ಹೊಲದ ನೀರು ಇದರೊಳಗಿಂದ ಎಲ್ಲಿಗೆ ಹೋಗುತ್ತಿತ್ತು, ಇನ್ನು ಮುಂದೆ ಯಾರ ಮನೆಗೆ ಹೋಗುತ್ತದೆ ಎಂಬುದು ಅಷ್ಟು ಮುಖ್ಯವಾಗುವುದಿಲ್ಲ. ಪ್ರತಿ ಸರ್ವೆ ನಂಬರೂ ತಾನೊಂದೇ ಭೂಮಿಯ ಮೇಲಿದ್ದೇನೆ ಎಂಬಂತೆ ತೀರ್ಮಾನವಾಗುತ್ತದೆ. ನವಲೂರಿನ ಪೇರಲ ತೋಟಗಳ ಗತಿ ಎಲ್ಲರಿಗೂ ಗೊತ್ತು. ತೋಟ ಮಾರಿದ ರೈತನನ್ನು ಬೈಯುವುದು ಸುಲಭ. ಅವನ ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಪೇರಲ ಹಣ್ಣಿನ ಬುಟ್ಟಿ ಸಾಲುತ್ತಿತ್ತೇ ಎಂದು ಕೇಳದೆ ಬೈಯುವುದು ಅನ್ಯಾಯ.

ಉರ್ದುವಿನಲ್ಲಿ 'ಹಕ್' ಎಂದರೆ ನಮಗೆ ಸಲ್ಲಬೇಕಾದದ್ದು ಮಾತ್ರವಲ್ಲ, ನಾವು ಸಲ್ಲಿಸಬೇಕಾದದ್ದೂ ಹೌದು. ತಾಯಿಯ ಹಕ್, ನೆರೆಯವನ ಹಕ್ ಎನ್ನುತ್ತೇವೆ. ಕನ್ನಡಕ್ಕೆ ಬರುವಾಗ ಅದು ಹಕ್ಕು ಆಗಿ ಒಂದು ಮುಖ ಕಳೆದುಕೊಂಡಿತು. ಆ ಇನ್ನೊಂದು ಮುಖಕ್ಕೆ ಕನ್ನಡ 'ಋಣ' ಎಂಬ ಮಾತನ್ನು ಮೊದಲೇ ಇಟ್ಟುಕೊಂಡಿತ್ತು. ಉತಾರದಲ್ಲಿ ಹಕ್ಕಿಗೂ ಋಣಕ್ಕೂ ಅಕ್ಕಪಕ್ಕ ಜಾಗವಿದೆ. ಆದರೆ ಋಣದ ಮನೆಯಲ್ಲಿ ಬರೆಯುವುದು ಬ್ಯಾಂಕಿನ ಸಾಲವನ್ನು. ಹಳ್ಳದ ಋಣವನ್ನು ಯಾವ ತಲಾಠಿಯೂ ಬರೆದಿಲ್ಲ.

ಹಳೆಯ ಫಿಖ್‌ಹ ಪಂಡಿತರು ಬಾವಿಗೆ, ಕಾಲುವೆಗೆ 'ಹರೀಮ್' ಎಂಬ ಸುತ್ತಳತೆ ಗೊತ್ತುಮಾಡಿದ್ದರು. ಆ ನೀರಿಗೆ ಕುತ್ತಾಗುವ ಕೆಲಸವನ್ನು ಅದರೊಳಗೆ ಯಾರೂ ಮಾಡುವಂತಿಲ್ಲ. ಅಂದರೆ ನೀರಿಗೂ ಒಂದು ಅಂಗಳವುಂಟು. ನಮ್ಮ ಕಾಲದಲ್ಲಿ ಇದಕ್ಕೆ ಬಫರ್ ಎನ್ನುತ್ತಾರೆ. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಅಂಗಳ ಕೊಟ್ಟಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು, ಮಹಾಯೋಜನೆಯ 30 ಮೀಟರೇ ಉಳಿಯಿತು. ಎಷ್ಟು ಮೀಟರ್ ಎಂಬುದು ತಜ್ಞರ ವಾದ. ನಮ್ಮನ್ನು ಕಾಡುವುದು ಬೇರೆ. ಅಂಗಳ ಬಿಡಿಸುವ ದಿನ ಜೆಸಿಬಿ ಮೊದಲು ಯಾರ ಮನೆಯ ಮುಂದೆ ನಿಲ್ಲುತ್ತದೆ? ನಾಲೆಯ ಪಕ್ಕ ತಗಡು ಹೊದಿಸಿಕೊಂಡಿರುವ ಹಮಾಲರ, ಗಾರೆ ಕೆಲಸದವರ ಮನೆ ಮುಂದೆ. ಮೇಲುಗಡೆ ಕಾಲುವೆ ಮುಚ್ಚಿ ನಿವೇಶನ ಮಾಡಿದವನ ಬಳಿ ಕಾಗದವಿದೆ, ಇವರ ಬಳಿ ಇಲ್ಲ. ನೀರು ನುಗ್ಗುವುದೂ ಇವರ ಮನೆಗೇ, ತೆರವಾಗುವುದೂ ಇವರ ಮನೆಯೇ. ಇವರಿಗೆ ಬೇರೆ ಸೂರು ತೋರಿಸದೆ ನೀರಿಗೆ ನ್ಯಾಯ ಕೊಡುತ್ತೇವೆ ಎಂಬುದನ್ನು ನಾವು ಒಪ್ಪಲಾರೆವು.

ಇನ್ನು ನಾಲೆಯ ಕೆಳಗಿನವರು. ಹುಬ್ಬಳ್ಳಿಯ ಹೊಲಸು ನೀರು ಹೋಗುವ ಬಿದನಾಳ, ಗಬ್ಬೂರಿನ ಕಡೆ ರೈತರು ದಶಕಗಳಿಂದ ಅದಕ್ಕೇ ಪಂಪು ಹಚ್ಚಿ ತರಕಾರಿ ಬೆಳೆದಿದ್ದಾರೆ. ನಗರದಂಚಿನ ಹಳ್ಳಿಗಳ ಅಧ್ಯಯನಕ್ಕೆ ಬ್ರಿಟಿಷ್ ಸರ್ಕಾರದ ನೆರವಿನ ಯೋಜನೆ 1990ರ ದಶಕದ ಕೊನೆಯಲ್ಲಿ ಘಾನಾದ ಕುಮಾಸಿಯ ಜೊತೆಗೆ ನಮ್ಮ ಅವಳಿ ನಗರವನ್ನು ಆರಿಸಿತ್ತು; ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಅದರಲ್ಲಿದ್ದರು. ಬೇಸಿಗೆಯಲ್ಲೂ ಬತ್ತದ ಆ ನೀರು ರೈತನಿಗೆ ಗೊಬ್ಬರವನ್ನೂ ಪೀಕನ್ನೂ ಕೊಟ್ಟಿತು. ಜೊತೆಗೆ ಕಳೆ, ಕೀಟ, ರೋಗದ ಭಯವನ್ನೂ ಕೊಟ್ಟಿತು. ನಾವು ತೊಳೆದು ಬಿಟ್ಟದ್ದೇ ಸೊಪ್ಪಾಗಿ ನಮ್ಮ ಸಂತೆಗೆ ಮರಳುತ್ತದೆ. ನಾಲೆಯ ದಂಡೆಗೆ ಈಚೆಗೆ ಸ್ಮಾರ್ಟ್ ಸಿಟಿಯ ಸೈಕಲ್ ದಾರಿ ಬಂದಿದೆ. ಚೆನ್ನಾಗಿದೆ. ಆದರೆ ಸೈಕಲ್ ದಾರಿ ನಗರದ ಅಂಚಿಗೆ ಮುಗಿಯುತ್ತದೆ, ನೀರು ಮುಗಿಯುವುದಿಲ್ಲ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯ ವಿಷಯದಲ್ಲಿ ಜನ ತಮ್ಮ ಆಕ್ಷೇಪಣೆ ಹೇಳಿಕೊಳ್ಳಬಹುದು. ನನ್ನ ಹೊಲವನ್ನು ಹಸಿರಿನಿಂದ ಹಳದಿಗೆ ಹಾಕಿ ಎಂದು ಕೇಳಲು ಮಾಲೀಕ ವಕೀಲನನ್ನು ಕರೆದುಕೊಂಡು ಹೋಗುತ್ತಾನೆ. ಮೇಲಿನ ಆ 'ಬಿ' ಖರಾಬಿನ ಪರವಾಗಿ ಬಿದನಾಳದ ರೈತನೋ, ತಗಡಿನ ಮನೆಯ ಹಮಾಲನೋ ಅರ್ಜಿ ಹಿಡಿದು ಬಂದರೆ, ನಿನ್ನ ಸರ್ವೆ ನಂಬರ್ ಯಾವುದಪ್ಪಾ ಎಂದು ಕೇಳುತ್ತಾರೆ.