ಕಾಯಕಕ್ಕೂ ಅಳತೆಯುಂಟೆ?

ಕಾಯಕವೆಂಬ ಮಾತಿನೊಳಗೆ ಕಾಯವು ಅಡಗಿದೆ. ಈ ಸಂಗತಿಯನ್ನು ನಾವು ಉಪನ್ಯಾಸಗಳಲ್ಲಿ ನೆನೆಯುತ್ತೇವೆ. ಹೊಲದಲ್ಲಿಯೂ ಕಛೇರಿಯಲ್ಲಿಯೂ ಮರೆಯುತ್ತೇವೆ. ದುಡಿಮೆಯ ಹಿರಿಮೆಯನ್ನು ಕುರಿತು ಶರಣರು ಆಡಿದ ಮಾತುಗಳು ಎಲ್ಲರ ನಾಲಗೆಯ ಮೇಲೂ ಇವೆ. ಆದರೆ ದುಡಿಯುವ ದೇಹಕ್ಕೆ ಸಲ್ಲಬೇಕಾದುದೇನು, ದುಡಿದು ತಂದ ಹಣವು ಮನೆಯೊಳಗೆ ಯಾವ ಕ್ರಮದಲ್ಲಿ ವ್ಯಯವಾಗಬೇಕು ಎಂಬ ಪ್ರಶ್ನೆಗಳನ್ನು ಅದೇ ಶ್ರದ್ಧೆಯಿಂದ ಕೇಳಿಕೊಳ್ಳುವವರು ವಿರಳ. ಬೆಳಗಿನಿಂದ ಇರುಳಿನವರೆಗೆ ದುಡಿದರೂ ಸಾಲ ತೀರದು. ಸಾಲ ತೀರಿಸಲೆಂದು ಇನ್ನಷ್ಟು ದುಡಿದರೆ ಮೈ ನಿಲ್ಲದು. ಮೈ ಬಿದ್ದರೆ ಆಸ್ಪತ್ರೆಗಾಗಿ ಮತ್ತೆ ಸಾಲ. ಈ ಸುಳಿಯಲ್ಲಿ ಸಿಕ್ಕಿದ ಗೃಹಸ್ಥನಿಗೆ ‘ಕಾಯಕ ಮಾಡು’ ಎಂದಷ್ಟೇ ಹೇಳುವುದು, ಮುಳುಗುವವನಿಗೆ ನೀರಿನ ಮಹಿಮೆಯನ್ನು ಹೇಳಿದಂತೆ. ಆತನು ಕೇಳುತ್ತಿರುವುದು ಬೇರೆ: ಎಷ್ಟು ದುಡಿದರೆ ಸಾಕು? ಎಲ್ಲಿ ನಿಲ್ಲಬೇಕು? ನಿಂತರೆ ಅದು ಧರ್ಮಲೋಪವೇ?

ಈ ಪ್ರಶ್ನೆಯನ್ನು ಆಕಾಶದಲ್ಲಿ ತೂಗಿಡದೆ ನೆಲದ ಮೇಲಿಟ್ಟು ನೋಡೋಣ. ಮೈಸೂರು ಜಿಲ್ಲೆಯಲ್ಲಿ ಹೊಸ ಅಗ್ರಹಾರದ ಸೀಮೆಯಿಂದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳವರೆಗಿನ ನಾಡು ಇದಕ್ಕೆ ತಕ್ಕ ನಿದರ್ಶನ. ಕಾವೇರಿಯ ಕಾಲುವೆಗಳ ಬದಿಯಲ್ಲಿ ಭತ್ತ. ನೀರು ಹತ್ತದ ಕೆಂಪು ಮರಳು ಮಣ್ಣಿನಲ್ಲಿ ವರ್ಜೀನಿಯಾ ಹೊಗೆಸೊಪ್ಪು. ಮಳೆಯನ್ನೇ ನಂಬಿದ ಒಕ್ಕಲಿಗೆ ಕೈತುಂಬ ಹಣವನ್ನು ಒಟ್ಟಿಗೆ ತರುವ ಬೆಳೆ ಅಲ್ಲಿ ಬೇರೆ ಹೆಚ್ಚಿಲ್ಲವಾದುದರಿಂದ ಸಾವಿರಾರು ಮನೆಗಳು ಇದನ್ನು ನೆಚ್ಚಿಕೊಂಡಿವೆ. ಅದರ ದುಡಿಮೆಯ ಸ್ವರೂಪವನ್ನು ಪಟ್ಟಣದ ವಾಚಕರು ಸ್ವಲ್ಪ ತಿಳಿಯಬೇಕು.

ಬೇಸಗೆಯಲ್ಲಿ ಸಸಿಮಡಿಗೆ ದಿನವೂ ನೀರು ಹೊರಬೇಕು. ಮುಂಗಾರಿನ ಮೊದಲ ಮಳೆಗೆ ನಾಟಿ. ಅನಂತರ ಕಳೆ, ಗೊಬ್ಬರ, ಕುಡಿ ಮುರಿಯುವುದು. ಎಲೆ ಬಲಿತ ಮೇಲೆ ಗಿಡದ ಬುಡದಿಂದ ಎರಡು ಮೂರು ಎಲೆಗಳಂತೆ ವಾರವಾರವೂ ಮುರಿದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿ ಬೆಂಕಿ ಕೊಡಬೇಕು. ಈ ಹದಗೊಳಿಸುವ ಕೆಲಸಕ್ಕೆ ಐದಾರು ದಿನಗಳು ಹಿಡಿಯುವುವು. ಮೊದಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಲೆ ಹಳದಿಯಾಗಬೇಕು. ಕ್ರಮೇಣ ಶಾಖವನ್ನೇರಿಸಿ ಬಣ್ಣವನ್ನು ನಿಲ್ಲಿಸಬೇಕು. ಕಡೆಗೆ ಸುಮಾರು 70 ಡಿಗ್ರಿಯವರೆಗೆ ಒಯ್ದು ನಡುದಂಟನ್ನು ಒಣಗಿಸಬೇಕು. ನಡುವೆ ಒಂದಿರುಳು ಒಲೆಯ ಮೇಲಿನ ಗಮನ ತಪ್ಪಿದರೆ ಇಡೀ ಬ್ಯಾರನ್ನಿನ ಸೊಪ್ಪಿನ ಬಣ್ಣ ಕೆಡುವುದು. ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಇಳಿಯುವುದು. ಆದುದರಿಂದ ಆ ತಿಂಗಳುಗಳಲ್ಲಿ ಒಕ್ಕಲಿನವನಿಗೆ ನಿದ್ರೆಯೆಂಬುದು ಎರಡು ಸೌದೆಗಳ ನಡುವಣ ವಿರಾಮ ಮಾತ್ರ. ಹಗಲು ಮತ್ತೆ ಎಲೆ ಮುರಿಯುವ ಕೆಲಸವುಂಟು. ಎಲೆ ಕಟ್ಟುವುದು, ಹದವಾದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವುದು ಬಹುಮಟ್ಟಿಗೆ ಹೆಂಗಸರ ಪಾಲು. ಅಡಿಗೆ, ಮಕ್ಕಳು, ದನಕರುಗಳು ಇದರ ಮೇಲೆ.

ಈ ದುಡಿಮೆಯು ದೇಹಕ್ಕೆ ಮಾಡುವ ಕೇಡು ಆಯಾಸವೊಂದೇ ಅಲ್ಲ. ಇಬ್ಬನಿಯಿಂದಲೋ ಮಳೆಯಿಂದಲೋ ತೊಯ್ದ ಹಸಿ ಎಲೆಯನ್ನು ಬರಿಗೈಯಿಂದ ಮುರಿದು ಕಂಕುಳಲ್ಲಿ ಹೊತ್ತಾಗ ಎಲೆಯೊಳಗಿನ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತವನ್ನು ಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ತಲೆನೋವು, ನಿಶ್ಶಕ್ತಿ ಇದರ ಲಕ್ಷಣಗಳು. ಅಮೆರಿಕದ ಫ್ಲಾರಿಡಾದಲ್ಲಿ ಹೊಗೆಸೊಪ್ಪಿನ ಕೂಲಿಗಾರರಿಗೆ ಬರುತ್ತಿದ್ದ ಈ ವ್ಯಾಧಿಯನ್ನು ವೈದ್ಯರು 1970ರಲ್ಲಿ ವರ್ಣಿಸಿದರು. ಬೀಡಿ ಸಿಗರೇಟುಗಳನ್ನು ಮುಟ್ಟದವರಿಗೂ ಇದು ಬರುವುದು. ಅಭ್ಯಾಸವಿಲ್ಲದ ದೇಹಗಳಲ್ಲಿಯೇ ಹೆಚ್ಚಾಗಿ ಕಾಣುವುದು. ನಮ್ಮವರು ಇದನ್ನು ಬಿಸಿಲಿನ ಝಳವೆಂದೋ ಪಿತ್ತವೆಂದೋ ತಿಳಿದು ಮಜ್ಜಿಗೆ ಕುಡಿದು ಮತ್ತೆ ಸಾಲಿಗೆ ಇಳಿಯುವರು. ಇಬ್ಬನಿ ಆರಿದ ಮೇಲೆ ಎಲೆ ಮುರಿಯುವುದು, ನೀರು ಹೀರದ ಕೈಗವಸನ್ನು ತೊಡುವುದು, ತೊಯ್ದ ಬಟ್ಟೆಯನ್ನು ಕೂಡಲೇ ಬದಲಿಸಿ ಸಾಬೂನಿನಿಂದ ಕೈ ತೊಳೆಯುವುದು, ಇಷ್ಟರಿಂದ ಬಹುಪಾಲು ತಪ್ಪಿಸಬಹುದಾದ ಕಷ್ಟವಿದು. ಆದರೂ ಗೊಬ್ಬರಕ್ಕೆ ಸಾವಿರಗಳನ್ನು ಸುರಿಯುವ ಮನೆಯಲ್ಲಿ ಒಂದು ಜೊತೆ ಕೈಗವಸು ದುಬಾರಿಯೆನಿಸುವುದು! ನಮ್ಮ ಲೆಕ್ಕದಲ್ಲಿ ಬೆಳೆಯ ಆರೋಗ್ಯಕ್ಕೆ ಕಂಬವುಂಟು, ಬೆಳೆಗಾರನ ಆರೋಗ್ಯಕ್ಕೆ ಕಂಬವಿಲ್ಲ.

ಇನ್ನು ಹಣದ ಮಾತು. 1975ರ ಶಾಸನದಂತೆ ತಂಬಾಕು ಮಂಡಲಿಯು 1976ರಲ್ಲಿ ಆರಂಭವಾಯಿತು. 1984ರಿಂದ ಕರ್ನಾಟಕದಲ್ಲಿ ಹರಾಜಿನ ಪದ್ಧತಿ ಬಂದಿತು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ, ಹೆಗ್ಗಡದೇವನಕೋಟೆಗಳ ಹರಾಜು ಕಟ್ಟೆಗಳ ಹೆಸರು ಆ ಸೀಮೆಯ ಮಕ್ಕಳಿಗೂ ಗೊತ್ತು. ಆದರೆ ಸೊಪ್ಪಿನ ಹಣವು ವರ್ಷಕ್ಕೊಂದು ಸುಗ್ಗಿಯಲ್ಲಿ ಬರುವುದು. ಖರ್ಚು ಮಾತ್ರ ಹನ್ನೆರಡು ತಿಂಗಳೂ ಬರುವುದು. ನಡುವಣ ಕಂದಕವನ್ನು ಸಾಲದಿಂದ ತುಂಬುತ್ತೇವೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿನಂತೆ 50,000 ರೂಪಾಯಿಯನ್ನು ಮೇ ತಿಂಗಳಲ್ಲಿ ತಂದು ನವೆಂಬರಿನಲ್ಲಿ ತೀರಿಸುವವನು ಬಡ್ಡಿಯೆಂದೇ 9,000 ರೂಪಾಯಿ ಕೊಡಬೇಕು. ‘ಮೂರು ರೂಪಾಯಿ’ ಎಂಬುದು ಕಿವಿಗೆ ಸಣ್ಣದಾಗಿ ಕೇಳುವುದು. ವರ್ಷಕ್ಕೆ ನೂರಕ್ಕೆ ಮೂವತ್ತಾರು ಎಂದರೆ ಎದೆ ನಡುಗುವುದು. ಎರಡೂ ಒಂದೇ. ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆಸಾಲಕ್ಕೆ ಕಾಗದಪತ್ರಗಳನ್ನು ಹೊಂದಿಸಲು ಬೇಸರಪಟ್ಟು ಈ ಬಡ್ಡಿಗೆ ತಲೆಯೊಡ್ಡುವವರನ್ನು ಏನೆನ್ನಬೇಕು?

ಸಾಲಕ್ಕಿಂತ ಮೋಸಗೊಳಿಸುವುದು ಹರಾಜಿನ ದಿನದ ದೊಡ್ಡ ಮೊತ್ತ. ಕಟ್ಟೆಯಲ್ಲಿ ಬಂದುದೆಲ್ಲವನ್ನೂ ಆದಾಯವೆಂದು ಎಣಿಸುವುದು ರೂಢಿ. ಅದರೊಳಗೆ ಸೌದೆಯಿದೆ: ಒಂದು ಕಿಲೋ ಹದವಾದ ಎಲೆಗೆ ನಾಲ್ಕೈದು ಕಿಲೋ ಸೌದೆ, ಒಲೆ ಕೆಟ್ಟಿದ್ದರೆ ಇನ್ನೂ ಹೆಚ್ಚು. ಗೊಬ್ಬರ, ಕೂಲಿ, ಬಡ್ಡಿಗಳಿವೆ. ಇವನ್ನು ಕಳೆಯಬಲ್ಲವರೂ ಕಳೆಯದೆ ಬಿಡುವುದೊಂದುಂಟು. ಅದು ಮನೆಯವರದೇ ದುಡಿಮೆ. ಗಂಡ, ಹೆಂಡತಿ, ಮುದಿ ತಂದೆ, ಶಾಲೆ ಬಿಟ್ಟುಬಂದ ಮಗ, ಇವರೆಲ್ಲರ ದಿನಗಳನ್ನು ಊರಿನ ಕೂಲಿಯ ದರದಲ್ಲಿ ಬರೆದು ಕಳೆದರೆ ಎಷ್ಟೋ ವರ್ಷಗಳ ‘ಲಾಭ’ವು ಬರಿಯ ಕೂಲಿಯಾಗಿ ನಿಲ್ಲುವುದು, ಕೆಲವು ವರ್ಷ ಅದೂ ಇರದು. ಹಣವೆಂದು ನಾವು ಮನೆಗೆ ತಂದುದು ನಮ್ಮ ನಿದ್ರೆಯನ್ನು, ನಮ್ಮ ಮೂಳೆಗಳನ್ನು ಮಾರಿದ ಬೆಲೆಯೆಂಬುದು ಆಗ ತಿಳಿಯುವುದು.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು. ಶರಣರು ದೇಹವನ್ನು ಮುದ್ದಿಸಲಿಲ್ಲ. ಕಾಯಕದಲ್ಲಿ ನಿರತನಾದವನು ಗುರು, ಲಿಂಗ, ಜಂಗಮಗಳನ್ನೂ ಮರೆಯಬೇಕೆಂದವರು ಅವರು. ನೀವು ಅಳತೆಯ ಮಾತನಾಡುವುದು ಸೋಮಾರಿತನಕ್ಕೆ ಶಾಸ್ತ್ರವಲ್ಲವೆ? ಆಕ್ಷೇಪ ಸಣ್ಣದಲ್ಲ. ನುಲಿಯ ಚಂದಯ್ಯನ ಕಥೆಯನ್ನು ಎಲ್ಲರೂ ಬಲ್ಲರು. ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ಬಿದ್ದರೂ ಆತನು ಕೈಯ ಕೆಲಸವನ್ನು ಬಿಡಲಿಲ್ಲ. ಕಡೆಗೆ ಲಿಂಗವೇ ಆತನ ಹಗ್ಗವನ್ನು ಮಾರಲು ಹೋಗಬೇಕಾಯಿತು. ಉಪನ್ಯಾಸಕರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುವರು. ಆದರೆ ಕಥೆ ಮುಂದುವರಿಯುತ್ತದೆ. ಹಗ್ಗದ ಬೆಲೆಗಿಂತ ಹೆಚ್ಚು ಹೊನ್ನು ಬಂದಾಗ ಚಂದಯ್ಯನು ಅದನ್ನು ಒಪ್ಪಲಿಲ್ಲ. ಕೆಲಸದಲ್ಲಿ ಅಷ್ಟು ಕಠೋರನಾದವನು ಗಳಿಕೆಯಲ್ಲಿಯೂ ಅಷ್ಟೇ ಕಠೋರನಾಗಿದ್ದನು. ಮೊದಲರ್ಧವನ್ನು ಹಿಡಿದು ಎರಡನೆಯ ಅರ್ಧವನ್ನು ಬಿಟ್ಟರೆ ಉಳಿಯುವುದು ಕಾಯಕವಲ್ಲ, ಬರಿಯ ದಣಿವು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಇನ್ನೂ ಮನೆಯ ಮಾತಿಗೆ ಹತ್ತಿರವಾದುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದಳು. ಇದನ್ನು ನಾವು ನಿರಾಶೆಯ ಮಹಿಮೆಯೆಂದು ಹೊಗಳಿ ಸುಮ್ಮನಾಗುತ್ತೇವೆ. ಆದರೆ ಹೆಚ್ಚೆಂಬುದು ಆಕೆಗೆ ಹೇಗೆ ತಿಳಿಯಿತು? ನಿತ್ಯಕ್ಕೆ ಎಷ್ಟು ಬೇಕೆಂಬುದನ್ನು ಆಕೆ ಬಲ್ಲಳಾದುದರಿಂದಲ್ಲವೆ? ಅಳತೆ ಗೊತ್ತಿಲ್ಲದ ಮನೆಯಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಇರುವುದು ಬೇಕೆಂಬುದೊಂದೇ. ಮನೆಯ ಲೆಕ್ಕವನ್ನು ನಾವು ಲೌಕಿಕವೆಂದು ಬದಿಗೆ ತಳ್ಳಿದ್ದೇವೆ. ಲಕ್ಕಮ್ಮನ ಮನೆಯಲ್ಲಿ ಅದೇ ವೈರಾಗ್ಯದ ತಳಹದಿಯಾಗಿದ್ದಿತು. ಇನ್ನೊಂದನ್ನೂ ಗಮನಿಸಬೇಕು: ಅಲ್ಲಿ ತಂದವನು ಗಂಡನು, ಸಾಕೆಂದವಳು ಹೆಂಡತಿ. ನಮ್ಮ ಎಷ್ಟು ಮನೆಗಳಲ್ಲಿ ಎಲೆ ವಿಂಗಡಿಸಿದ ಹೆಂಗಸಿಗೆ ಕಟ್ಟೆಯಲ್ಲಿ ಬಂದ ಬೆಲೆ ಗೊತ್ತಿರುತ್ತದೆ?

ಹೊಗೆಸೊಪ್ಪಿನ ಸೀಮೆಯಲ್ಲಿ ಈ ಕಥೆ ಬೇರೊಂದು ರೀತಿಯಲ್ಲಿ ತಟ್ಟುತ್ತದೆ. ಲೈಸನ್ಸು ಪಡೆದ ಬೆಳೆಗಾರನಿಗೆ ಇಂತಿಷ್ಟು ತೂಕವೆಂದು ಮಂಡಲಿಯು ಗೊತ್ತುಮಾಡುವುದು. ಅದಕ್ಕೆ ಮೀರಿ ಬೆಳೆದುದಕ್ಕೆ ದಂಡದ ನಿಯಮವುಂಟು, ಕೆಲವು ವರ್ಷ ಸರಕಾರವು ಅದನ್ನು ಮನ್ನಾ ಮಾಡಿದ್ದೂ ಉಂಟು. ಮನ್ನಾ ಆಗಬಹುದೆಂಬ ಆಸೆಯಿಂದ ಹೆಚ್ಚುವರಿ ಹೊಲ, ಹೆಚ್ಚುವರಿ ಸಾಲ, ಹೆಚ್ಚುವರಿ ಇರುಳುಗಳು. ಎಲ್ಲರೂ ಹಾಗೆಯೇ ಮಾಡಿದ ವರ್ಷ ಸೊಪ್ಪು ಕಟ್ಟೆಗೆ ಸುರಿದು ಬೆಲೆ ಬೀಳುವುದು. ಆಯ್ದು ತಂದ ಹೆಚ್ಚಿನ ಅಕ್ಕಿಯು ಇಲ್ಲಿ ತಾನಾಗಿಯೇ ಅಂಗಳಕ್ಕೆ ಮರಳುವುದು, ಆದರೆ ಬಡ್ಡಿಯ ಸಮೇತ.

ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. ಲಕ್ಕಮ್ಮನಿಗೆ ಸಾಲವಿರಲಿಲ್ಲ. ಇಂದಿನ ಸಣ್ಣ ಹಿಡುವಳಿದಾರನಿಗೆ ‘ಸಾಕು’ ಎನ್ನುವ ಸ್ವಾತಂತ್ರ್ಯವೇ ಬಹಳವಾಗಿ ಉಳಿದಿಲ್ಲ. 2015ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕದ ಅನೇಕ ರೈತರು ಸಾಲಬಾಧೆಯಿಂದ ಪ್ರಾಣವನ್ನೇ ಕಳೆದುಕೊಂಡರು. ಅವರ ಮನೆಗಳ ಮುಂದೆ ನಿಂತು ತೃಪ್ತಿಯನ್ನು ಬೋಧಿಸುವುದು ಕ್ರೌರ್ಯ. ಕೊರತೆಯುಳ್ಳವನಿಗೆ ಅಳತೆಯನ್ನು ಕಲಿಸುವ ಮೊದಲು ಉಳ್ಳವನ ದಾಸೋಹವು ಎಲ್ಲಿ ಹೋಯಿತೆಂದು ಕೇಳಬೇಕು. ದಾಸೋಹವೆಂದರೆ ಜಾತ್ರೆಯ ದಿನದ ಅನ್ನವಷ್ಟೇ ಅಲ್ಲ. ಬ್ಯಾರನ್ನಿಗೆ ಬೆಂಕಿ ಹಾಕಿದ ಮನೆಯಲ್ಲಿ ಯಜಮಾನನು ಜ್ವರದಿಂದ ಮಲಗಿದ್ದರೆ ನೆರೆಯವನು ಒಂದಿರುಳು ಒಲೆ ಕಾಯುವುದೂ ದಾಸೋಹವೇ ಸರಿ.

ಆದರೆ ಕೊರತೆಯ ಹೆಸರಿನಲ್ಲಿ ಅಡಗಿಕೊಂಡಿರುವ ಖರ್ಚುಗಳನ್ನೂ ಬಯಲಿಗೆಳೆಯಬೇಕು. ಹರಾಜಿನ ಹಣ ಬಂದ ಬೆನ್ನಿಗೆ ನಡೆಯುವ ಮದುವೆ, ಗೃಹಪ್ರವೇಶಗಳ ಪೆಂಡಾಲುಗಳನ್ನು ನೋಡಿರಿ. ಅನ್ನಕ್ಕೂ ಬೀಜಕ್ಕೂ ಮಾಡುವ ಖರ್ಚು ಒಂದು ಬಗೆ. ಮೈಗೂ ಓದಿಗೂ ಮಾಡುವುದು ಇನ್ನೊಂದು. ನೆರೆಯವರ ಕಣ್ಣಿಗಾಗಿ ಮಾಡುವುದು ಮೂರನೆಯದು. ಕೈ ಬಿಗಿಯಾದಾಗ ನಾವು ಮೊದಲು ಕಡಿಯುವುದು ಎರಡನೆಯದನ್ನು. ಗೃಹಿಣಿಯ ರಕ್ತಹೀನತೆಗೆ ಔಷಧಿ ಮುಂದಿನ ತಿಂಗಳಿಗೆ ಹೋಗುವುದು, ಲಗ್ನಪತ್ರಿಕೆಯ ಚಿನ್ನದ ಅಕ್ಷರಗಳು ಈ ತಿಂಗಳೇ ಅಚ್ಚಾಗುವುವು. ಅಂಗದ ಮೇಲೆ ಲಿಂಗವನ್ನು ಧರಿಸಿದವರಿಗೆ ಈ ಕ್ರಮವು ಹೇಗೆ ಒಪ್ಪಿಗೆಯಾಯಿತು? ಗುಡಿಯ ಸೂರು ಸೋರಿದರೆ ಚಂದಾ ಎತ್ತುತ್ತೇವೆ. ಲಿಂಗವು ನಿತ್ಯವೂ ನೆಲಸಿರುವ ಈ ದೇಹವು ಸೋರುವಾಗ ಹಣವಿಲ್ಲವೆನ್ನುತ್ತೇವೆ.

ನೌಕರಿಯಲ್ಲಿರುವವರ ಪಾಡೂ ಬೇರೆಯಲ್ಲ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಪ್ರತಿದಿನ ಹೋಗಿಬಂದು ಕಾರ್ಖಾನೆಯಲ್ಲಿ ಪಾಳಿ ಮಾಡುವ ತರುಣನು ಹೆಚ್ಚುವರಿ ಪಾಳಿಗೆ ಒಪ್ಪುವುದು ಮೋಟಾರು ಸೈಕಲ್ಲಿನ ಕಂತಿಗಾಗಿ. ಆ ಸೈಕಲ್ಲು ಬೇಕಾದುದು ಪಾಳಿಗೆ ಹೋಗುವುದಕ್ಕಾಗಿ. ಇಬ್ಬರ ನಡುವೆ ವ್ಯತ್ಯಾಸವಿಷ್ಟೆ: ಇವನಿಗೆ ತಿಂಗಳಿಗೊಮ್ಮೆ ಹರಾಜು.

ಹೊಗೆಸೊಪ್ಪು ಸತ್ಯಶುದ್ಧ ಕಾಯಕವೇ ಎಂಬ ಪ್ರಶ್ನೆಯನ್ನು ದಾಟಿಹೋಗುವಂತಿಲ್ಲ. ಕೊಳ್ಳುವವನ ಶ್ವಾಸಕೋಶವನ್ನು ಸುಡುವ ವಸ್ತುವದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಸರಕಾರವು ಲೈಸನ್ಸು ಕೊಟ್ಟು, ತೆರಿಗೆ ಪಡೆದು, ರಫ್ತಿನಿಂದ ವಿದೇಶೀ ಹಣವನ್ನು ಗಳಿಸುತ್ತಿರುವಾಗ ಪಾಪದ ಹೊರೆಯನ್ನೆಲ್ಲ ಎರಡೆಕರೆಯ ಒಕ್ಕಲಿನ ತಲೆಗೆ ಕಟ್ಟುವುದು ಸಲ್ಲದು. 2003ರಲ್ಲಿ ಅಂಗೀಕೃತವಾಗಿ 2005ರಲ್ಲಿ ಜಾರಿಗೆ ಬಂದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 2004ರಲ್ಲಿಯೇ ಸಮ್ಮತಿಯಿತ್ತಿದೆ. ಅದರ 17ನೆಯ ವಿಧಿಯು ಬೆಳೆಗಾರರಿಗೆ ಬದಲಿ ಜೀವನೋಪಾಯವನ್ನೂ 18ನೆಯದು ಅವರ ಆರೋಗ್ಯರಕ್ಷಣೆಯನ್ನೂ ಹೇಳುತ್ತದೆ. ಈ ಮಾತು ಕಾಗದದಿಂದ ಹೊಲಕ್ಕೆ ಇಳಿಯಬೇಕು. ಅಲ್ಲಿಯವರೆಗೆ, ಒಂದೆರಡು ಗುಂಟೆಯಿಂದಲಾದರೂ ಹೊರಬರುವ ದಾರಿಯನ್ನು ಹುಡುಕುವುದು ಬೆಳೆಗಾರನ ಲೆಕ್ಕದಲ್ಲಿ ಸೇರಿರಬೇಕೆಂಬುದು ನನ್ನ ಅಭಿಪ್ರಾಯ. ಸೊಪ್ಪಿನ ಅನಂತರ ಅದೇ ಹೊಲದಲ್ಲಿ ರಾಗಿ, ಹುರುಳಿಗಳನ್ನು ಬೆಳೆದು ಮನೆಯ ಅನ್ನವನ್ನಾದರೂ ಅಂಗಡಿಯಿಂದ ತಾರದ ಒಕ್ಕಲುಗಳು ಆ ಸೀಮೆಯಲ್ಲಿವೆ. ಅವರ ಸಾಲ ಸಾಮಾನ್ಯವಾಗಿ ಹಗುರ.

ಲೆಕ್ಕವನ್ನು ಹರಾಜಿನ ಅನಂತರ ಬರೆದರೆ ಅದು ಶೋಕಗೀತೆಯಾಗುವುದು. ಸಸಿಮಡಿ ಹಾಕುವ ಮೊದಲೇ ಗಂಡಹೆಂಡಿರು ಕುಳಿತು ಬರೆಯಬೇಕು: ವರ್ಷಕ್ಕೆ ರಾಗಿ ಎಷ್ಟು, ಶಾಲೆಯ ಶುಲ್ಕವೆಷ್ಟು, ಔಷಧಿಗೆಂದು ಮುಟ್ಟದೆ ಇಡುವುದೆಷ್ಟು, ಇವಕ್ಕೆ ಎಷ್ಟು ಸೊಪ್ಪು ಸಾಕು, ಅಷ್ಟು ಸೊಪ್ಪಿಗೆ ಮನೆಯಲ್ಲಿ ಎಷ್ಟು ಜೊತೆ ಕೈಗಳಿವೆ, ಇರುಳು ಒಲೆಯ ಮುಂದೆ ಸರದಿಯಲ್ಲಿ ಯಾರು ಯಾರು ಕೂರುವರು. ಕೂಲಿಯ ಹೆಂಗಸರನ್ನು ಕರೆಯುವುದಾದರೆ ಅವರ ಕೈಗವಸುಗಳ ಬೆಲೆಯನ್ನೂ ಅದೇ ಹಾಳೆಯಲ್ಲಿ, ಗೊಬ್ಬರಕ್ಕಿಂತ ಮೇಲೆ ಬರೆಯಬೇಕು.