ಅಜ್ಜಿ ಬಿಟ್ಟುಹೋದ ಪಾಲು

ಊರಿನಿಂದ ಮುಂಬಯಿಗೆ ಬಂದವರು ಏನೇನು ತಂದರು ಎಂದು ಲೆಕ್ಕ ಹಾಕುವುದು ಸುಲಭ. ಸಂಘ ಕಟ್ಟಿದರು: ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಹಗಲು ಹೊಟೇಲಿನಲ್ಲಿ ಗ್ಲಾಸು ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತರು. ಯಕ್ಷಗಾನ ತಂದರು, ಭಜನೆ ತಂದರು, ಶನಿಗ್ರಂಥದ ಪಾರಾಯಣ ತಂದರು. ನಾನಿರುವ ಕಾಂದಿವಲಿಯಲ್ಲೂ ಶನಿವಾರ ಸಂಜೆ ಯಾವುದಾದರೊಂದು ಕಟ್ಟಡದಿಂದ ತಾಳದ ಸದ್ದು ಕೇಳುವುದುಂಟು. ಆಚರಣೆಯನ್ನು ರೈಲು ಹತ್ತಿಸಿ ತರಬಹುದು. ಆದರೆ ಅದರ ಹಿಂದಿನ ನಂಬಿಕೆಯನ್ನೂ ಹಾಗೆಯೇ ತರಲಿಕ್ಕೆ ಆಗುತ್ತದೆಯೇ? ಅದು ಬಾರದೆ ಹೋದರೆ ನಮ್ಮ ಹಿರಿಯರು ಬಿಟ್ಟುಹೋದದ್ದರಲ್ಲಿ ನಮಗೆ ಸಿಕ್ಕಿದ್ದಾದರೂ ಏನು?

2022ರಲ್ಲಿ 'ಕಾಂತಾರ' ಚಿತ್ರ ಬಂದ ಮೇಲೆ ನಮ್ಮ ಮಹಡಿಯ ಗುಜರಾತಿ ಗೃಹಸ್ಥರು ಲಿಫ್ಟಿನಲ್ಲಿ ಕೇಳಿದರು: "ನೀವು ಇದನ್ನೆಲ್ಲ ನಂಬ್ತೀರಾ?" ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ನನ್ನ ತಾಯಿಯ ತಾಯಿಗಾದರೋ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. "ನಾನು ದೈವವನ್ನು ನಂಬುತ್ತೇನೆ" ಎಂದು ಅವಳು ಹೇಳಿದ್ದನ್ನು ನಾನು ಕೇಳಿಲ್ಲ. "ಸತ್ಯ ಉಂಟು" ಎನ್ನುತ್ತಿದ್ದಳು, ಅಷ್ಟೆ. ತುಳುವಿನಲ್ಲಿ ದೈವಗಳಿಗೆ 'ಸತ್ಯೊಲು' ಎಂದೇ ಹೆಸರು, ಸತ್ಯಗಳು ಎಂದರ್ಥ.

ಘಟ್ಟದ ಮೇಲಿನ ಓದುಗರಿಗೆ ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಳಿಯಸಂತಾನದಲ್ಲಿ ವಂಶ ನಡೆಯುವುದು ಹೆಣ್ಣಿನಿಂದ. ಗೋತ್ರದ ಹಾಗಿರುವ 'ಬರಿ' ತಾಯಿಯಿಂದ ಬರುತ್ತದೆ. ಹಿಂದೆ ಕುಟುಂಬದ ಆಸ್ತಿಯನ್ನು ಎಲ್ಲರೂ ಉಣ್ಣಬಹುದಿತ್ತು, ಯಾರೂ ತನ್ನದೆಂದು ಒಡೆದುಕೊಳ್ಳುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದದ್ದನ್ನು ಬದಲಿಸಿತು. ಗದ್ದೆ ಪಾಲಾಯಿತು, ಪಾತ್ರೆ ಪಾಲಾಯಿತು. ದೈವದ ಚಾವಡಿ ಮಾತ್ರ ಪಾಲಾಗಲಿಲ್ಲ. ತಂಬಿಲಕ್ಕೆ, ಕೋಲಕ್ಕೆ ಎಲ್ಲರೂ ವಂತಿಗೆ ಕೊಡಬೇಕು. ಇಷ್ಟು ನನ್ನದು ಎಂದು ಯಾರೂ ಕೇಳುವ ಹಾಗಿಲ್ಲ.

ಅಜ್ಜಿಯ ಪಾಲಿಗೆ ಬಂದದ್ದು ಕಾರ್ಕಳ ತಾಲೂಕಿನ ಒಂದು ಹಳ್ಳಿಯ ಬಯಲು ಗದ್ದೆ. ಅದನ್ನು ಉಳುತ್ತಿದ್ದವನು ಚಾಲಗೇಣಿಯ ಒಕ್ಕಲು. ಚಾಲಗೇಣಿ ಎಂದರೆ ಬಾಯಿ ಮಾತಿನ ಗೇಣಿ, ಕಾಗದಪತ್ರ ಇಲ್ಲ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ತಂದು ಅಂಗಳದಲ್ಲಿ ಇಳಿಸಿ ಹೋಗುತ್ತಿದ್ದ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು. ಒಕ್ಕಲು ಡಿಕ್ಲರೇಶನ್ ಹಾಕಿದ. ಟ್ರಿಬ್ಯೂನಲ್ಲಿನ ಮುಂದೆ ಅಜ್ಜಿ ಹೇಳಬೇಕಾದ ಮಾತನ್ನು ಅವಳ ತಮ್ಮ ಸಿದ್ಧ ಮಾಡಿಕೊಂಡು ಬಂದಿದ್ದರು: ಅವನು ಕೂಲಿಯಾಳು, ಗೇಣಿದಾರನಲ್ಲ. ಅಂಥ ಮಾತು ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ನಡೆದಿತ್ತು. ದಾಖಲೆ ಇಲ್ಲದ ಕಡೆ ಧಣಿಯ ಬಾಯಿ ಮಾತಿಗೆ ತೂಕ ಜಾಸ್ತಿ.

ಅಜ್ಜಿ ಒಪ್ಪಲಿಲ್ಲ. "ಅವ ತಂದ ಅಕ್ಕಿಯ ಗಂಜಿ ಕುಡಿದ ಬಾಯಿ ಇದು. ಇಲ್ಲ ಅಂತ ಹೇಗೆ ಹೇಳುವುದು? ಚಾವಡಿಯಲ್ಲಿ ಇರುವವರಿಗೆ ಕಿವಿ ಇಲ್ವಾ?" ಎಂದಳಂತೆ. ನನಗಾಗ ಏಳು ವರ್ಷ. ಇದನ್ನು ಕೇಳಿದ್ದು ಅಮ್ಮನ ಬಾಯಲ್ಲಿ. ಗದ್ದೆ ಒಕ್ಕಲಿಗೆ ಹೋಯಿತು. ಉಳಿದದ್ದು ಮನೆ, ಸುತ್ತಲಿನ ನಾಲ್ಕು ತೆಂಗು, ದೈವದ ಚಾವಡಿ. ಮರುವರ್ಷವೇ ಸೋದರಮಾವ ಬೊಂಬಾಯಿಯ ಬಸ್ಸು ಹತ್ತಿದರು. ಅವರ ಹಿಂದೆ ಕೆಲವು ವರ್ಷ ಬಿಟ್ಟು ನಾನೂ ಬಂದೆ. ನಾನು ಕಾಂದಿವಲಿಯವನಾದದ್ದು ಹೀಗೆ.

ಮಾವ ಕೊನೆಯವರೆಗೂ ಅಜ್ಜಿಯನ್ನು ಪೂರ್ತಿ ಕ್ಷಮಿಸಲಿಲ್ಲ. "ಸತ್ಯ ಹೇಳಿದ್ದು ಅವಳು, ಅದರ ಬಡ್ಡಿ ಕಟ್ಟಿದ್ದು ನಾನು" ಎನ್ನುತ್ತಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ ಹೊಟೇಲಿನ ಮಾಳಿಗೆಯಲ್ಲಿ ಗೋಣಿ ಹಾಸಿ ಮಲಗಿದವರ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ತನ್ನ ಸತ್ಯಕ್ಕೆ ಮಕ್ಕಳ ಅನ್ನವನ್ನು ಪಣಕ್ಕೊಡ್ಡಲು ತಾಯಿಗೆ ಹಕ್ಕುಂಟೇ? ಆ ಒಕ್ಕಲಿಗೂ ಮಕ್ಕಳಿದ್ದರು ಎಂಬುದೇ ನನಗೆ ಹೊಳೆಯುವ ಉತ್ತರ. ಒಂದು ಮನೆಯ ಗಂಜಿಯನ್ನು ಇನ್ನೊಂದು ಮನೆಯಿಂದ ಕಿತ್ತು ತರುವುದಕ್ಕೆ ಅಜ್ಜಿಯ ಲೆಕ್ಕದಲ್ಲಿ ಜಾಗ ಇರಲಿಲ್ಲ. ಮಾವನಿಗೆ ಇದನ್ನು ಹೇಳಿದರೆ ಅವರು ಸುಮ್ಮನಾಗುತ್ತಿದ್ದರು. ಒಪ್ಪಿದರು ಎಂದು ಮಾತ್ರ ನಾನು ಹೇಳಲಾರೆ.

ಇನ್ನೊಂದು ಆಕ್ಷೇಪ ಓದಿದವರದ್ದು. ದೈವದ ಹೆದರಿಕೆಯಿಂದ ಹೇಳಿದ ಸತ್ಯಕ್ಕೆ ಏನು ಬೆಲೆ? ಪೊಲೀಸನ ಹೆದರಿಕೆಯಿಂದ ಕದಿಯದವನನ್ನು ನಾವು ಪ್ರಾಮಾಣಿಕ ಎನ್ನುವುದಿಲ್ಲವಲ್ಲ! ಪ್ಲೇಟೋ ಬರೆದ 'ಯೂಥಿಫ್ರೋ' ಸಂವಾದದಲ್ಲಿ ಸಾಕ್ರಟೀಸ್ ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಎತ್ತುತ್ತಾನೆ: ಒಳ್ಳೆಯದು ಎಂಬ ಕಾರಣಕ್ಕೆ ದೇವತೆಗಳು ಅದನ್ನು ಮೆಚ್ಚುತ್ತಾರೋ, ಅವರು ಮೆಚ್ಚಿದರು ಎಂಬ ಕಾರಣಕ್ಕೆ ಅದು ಒಳ್ಳೆಯದಾಗುತ್ತದೋ? ಎರಡು ಸಾವಿರ ವರ್ಷ ದಾಟಿದರೂ ವಿದ್ವಾಂಸರು ಅದರ ಮೇಲೆ ಬರೆಯುತ್ತಲೇ ಇದ್ದಾರೆ.

ಅಜ್ಜಿ ಹೇಳುತ್ತಿದ್ದ ಕಲ್ಕುಡ–ಕಲ್ಲುರ್ಟಿಯರ ಕತೆಯಲ್ಲಿ ಇದಕ್ಕೆ ಒಂದು ಉತ್ತರ ಇದೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ. ಇಂಥದು ಇನ್ನೊಂದು ಎಲ್ಲೂ ಆಗಬಾರದು ಎಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನು ಉಳಿದ ಒಂದು ಕೈಯಲ್ಲೇ ವೇಣೂರಿನ ಗೊಮ್ಮಟನನ್ನು ಮಾಡಿದ. ಅಣ್ಣನ ಅವಸ್ಥೆ ಕಂಡು ಕುದಿದ ತಂಗಿ ಕಲ್ಲುರ್ಟಿಯೂ ಅವನೂ ಮಾಯಕ್ಕೆ ಸಂದು ದೈವಗಳಾಗಿ ಅರಸನನ್ನು ಕಾಡಿದರು. ಚರಿತ್ರೆಯ ಪ್ರಕಾರ ಕಾರ್ಕಳದ 42 ಅಡಿಯ ವಿಗ್ರಹ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆಯುವುದು ಸಾಧ್ಯವಿಲ್ಲ. ಕಾಲೇಜು ಓದುವಾಗ ನಾನು ಇದನ್ನು ಅಜ್ಜಿಗೆ ವಿವರಿಸಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, "ಇಸವಿ ನನಗೆ ಗೊತ್ತಿಲ್ಲ ಮಗಾ. ಕೈ ಕಡಿದದ್ದು ಸುಳ್ಳಾ?" ಎಂದು ಕೇಳಿದಳು.

ತುಳುನಾಡಿನ ಹಲವು ದೈವಗಳ ಹುಟ್ಟು ಹೀಗೆಯೇ. ಕೋಟಿ–ಚೆನ್ನಯರು, ಕೊರಗತನಿಯ, ಕಲ್ಕುಡ, ಇವರೆಲ್ಲ ಮೊದಲು ಮನುಷ್ಯರು. ಬದುಕಿದ್ದಾಗ ಉಳ್ಳವರ ಕೈಯಲ್ಲಿ ನೊಂದವರು, ಮಾಯವಾದ ಮೇಲೆ ದೈವವಾದವರು. ಅಂದರೆ ಈ ಲೋಕದಲ್ಲಿ ಅನ್ಯಾಯ ಮೊದಲು, ದೈವ ಆಮೇಲೆ. ಕೈ ಕಡಿಯುವುದು ತಪ್ಪು ಎಂದು ದೈವ ಬಂದು ಹೇಳಬೇಕಾಗಿರಲಿಲ್ಲ. ಅದು ತಪ್ಪು ಎಂದು ಎಲ್ಲರಿಗೂ ಗೊತ್ತಿದ್ದುದರಿಂದಲೇ ದೈವ ಹುಟ್ಟಿತು. ಟ್ರಿಬ್ಯೂನಲ್ಲಿನ ದಿನ ಅಜ್ಜಿಗೆ ಹೆದರಿಕೆ ಇದ್ದಿರಬಹುದು. ಆದರೆ ಅದು ಶಿಕ್ಷೆಯ ಹೆದರಿಕೆ ಮಾತ್ರ ಆಗಿರಲಾರದು. ಒಕ್ಕಲಿನ ಪಾಲಿಗೆ ತಾನು ಆ ಅರಸ ಆಗಿಬಿಡುವ ಹೆದರಿಕೆಯೂ ಅದರಲ್ಲಿ ಸೇರಿತ್ತು ಎಂದು ನಾನು ತಿಳಿಯುತ್ತೇನೆ.

ಹೀಗೆಂದು ಅಜ್ಜಿಯ ಪಾಲನ್ನು ಇದ್ದ ಹಾಗೆಯೇ ತಲೆಯ ಮೇಲೆ ಹೊರಲಿಕ್ಕೆ ಸಾಧ್ಯವಿಲ್ಲ. ಕೋಲದ ರಾತ್ರಿ ದೈವ ಕಟ್ಟಿದವರ ಮುಂದೆ ಕೈಜೋಡಿಸಿ ನಿಲ್ಲುತ್ತಿದ್ದ ಅದೇ ಮನೆ, ಮರುದಿನ ಬಣ್ಣ ಅಳಿಸಿದ ಅವರನ್ನು ಜಗಲಿಗೆ ಹತ್ತಿಸುತ್ತಿರಲಿಲ್ಲ. ನಲಿಕೆ, ಪಂಬದ, ಪರವ ಸಮುದಾಯದವರು ಅಂಗಳದ ಅಂಚಿನಲ್ಲಿ ಕೂತು ಉಣ್ಣುತ್ತಿದ್ದರು. ಬಡಿಸುತ್ತಿದ್ದವಳು ನನ್ನ ಅಜ್ಜಿಯೇ. ಒಕ್ಕಲಿನ ವಿಷಯದಲ್ಲಿ ಅಷ್ಟು ಕಂಡ ಕಣ್ಣಿಗೆ ಇದು ಕಾಣಲಿಲ್ಲ. 2022ರಲ್ಲಿ ಕರ್ನಾಟಕ ಸರಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಒಳ್ಳೆಯದೇ. ಆದರೆ ಜಗಲಿಯ ಲೆಕ್ಕ ಸರಕಾರದಿಂದ ತೀರುವಂಥದ್ದಲ್ಲ. ಆಸ್ತಿ ಹಿಡಿದವನು ಸಾಲವನ್ನೂ ಹೊರಬೇಕು ಎನ್ನುತ್ತಾರೆ; ನಂಬಿಕೆಯ ಆಸ್ತಿಗೂ ಆ ನಿಯಮ ಸಲ್ಲುತ್ತದೆ. ಕಲ್ಕುಡನ ಕತೆಯನ್ನು ನಿಜವಾಗಿ ಕೇಳಿಸಿಕೊಂಡವರ ಮನೆಯಲ್ಲಿ ಆ ಜಗಲಿ ಎಲ್ಲರಿಗೂ ತೆರೆಯಬೇಕು. ನಮ್ಮ ಕುಟುಂಬದಲ್ಲಿ ಈ ಮಾತು ಆಡಿದ್ದೇವೆ. ಈಗ ಊಟ ಒಂದೇ ಪಂಕ್ತಿಯಲ್ಲಿ ಆಗುತ್ತದೆ, ಇಬ್ಬರು ಹಿರಿಯರು ಇನ್ನೂ ಬೇರೆ ಕೂರುತ್ತಾರೆ.

ಇಷ್ಟಾದ ಮೇಲೆ ನನ್ನದೊಂದು ತೊಡಕು ಉಳಿಯುತ್ತದೆ. ನಾನು ಗಂಡಸು. ಅಜ್ಜಿಯ ಬರಿ ಅಮ್ಮನಿಂದ ನನಗೆ ಬಂತು, ನನ್ನಿಂದ ಮುಂದೆ ಹೋಗುವುದಿಲ್ಲ. ಅದು ಹೋಗುವುದು ತಂಗಿಯ ಮಕ್ಕಳಿಗೆ. ನನ್ನ ಮಗಳದ್ದು ಅವಳ ತಾಯಿಯ ಬರಿ. ಕಾಂದಿವಲಿಯಲ್ಲೇ ಹುಟ್ಟಿ ಬೆಳೆದ ಅವಳಿಗೆ ತುಳು ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಪದ್ಧತಿಯ ಪ್ರಕಾರವೇ ಅವಳಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ. ಕೊಡಬಹುದಾದದ್ದು ನಡತೆಯೊಂದೇ.

ನಮ್ಮ ಸೊಸೈಟಿಯ ಕಟ್ಟಡ ಹಳೆಯದಾಗಿ ಹೊಸದು ಕಟ್ಟುವ ಮಾತು ನಡೆದಿದೆ. ಪಂಪಿನ ಕೋಣೆಯ ಪಕ್ಕದ ಗೂಡಿನಲ್ಲಿ ಸಂಸಾರ ಮಾಡಿಕೊಂಡಿರುವ ವಾಚ್‌ಮನ್‌ನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವನು ಮೊನ್ನೆ ಮೊನ್ನೆ ಬಂದವನು ಎಂದು ಬರೆದುಬಿಡೋಣ ಎಂದು ಮೀಟಿಂಗಿನಲ್ಲಿ ಯಾರೋ ಅಂದರು. ನಾನು ಎದ್ದು ನಿಂತು, ನಾನು ಇಲ್ಲಿಗೆ ಬಂದ ದಿನ ನನ್ನ ಟ್ರಂಕು ಮೇಲೆ ಹೊತ್ತವನು ಅವನೇ, ಹಾಗೆಂದು ನಡವಳಿ ಪುಸ್ತಕದಲ್ಲಿ ಬರೆಯಿರಿ ಎಂದೆ. ಕಾನೂನಿನಲ್ಲಿ ಅವನಿಗೆ ಏನು ಸಿಗುತ್ತದೋ ಅದು ಬೇರೆ ಮಾತು. ನನಗೆ ಹೋದದ್ದು ಲಿಫ್ಟಿನಲ್ಲಿ ಸಿಗುತ್ತಿದ್ದ ನಾಲ್ಕು ನಮಸ್ಕಾರ ಅಷ್ಟೆ. ಅಜ್ಜಿ ಕಳೆದುಕೊಂಡದ್ದರ ಮುಂದೆ ಅದೇನೂ ಅಲ್ಲ. ಆ ಹೊತ್ತಿನಲ್ಲಿ ನನಗೆ ಕಣ್ಣಿಗೆ ಕಟ್ಟಿದ್ದು ದೈವದ ಮೊಗ ಅಲ್ಲ, ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿ. ಅವಳಿಗೆ ಚಾವಡಿಯಲ್ಲಿ ಕೇಳುವವರು ಇದ್ದರು. ನನಗೆ ಅವಳಿದ್ದಾಳೆ. ನನ್ನ ಮಗಳ ಕಾಲಕ್ಕೆ ಇದು ಇನ್ನಷ್ಟು ತೆಳುವಾಗಿ ಹರಿದುಹೋಗುತ್ತದೋ, ಬೇರೆ ಯಾವುದಾದರೂ ರೂಪದಲ್ಲಿ ಗಟ್ಟಿಯಾಗುತ್ತದೋ ನನಗೆ ತಿಳಿಯದು.

ಪ್ರತಿವರ್ಷ ತಂಬಿಲಕ್ಕೆ ನನ್ನ ವಂತಿಗೆ ಕಳಿಸುತ್ತೇನೆ. ಈ ಸಲ ಫೋನಿನಲ್ಲಿ ಹಣ ಕಳಿಸಿ ಕೊಟ್ಟವಳು ಮಗಳೇ. "ಪಪ್ಪಾ, ಇದು ಯಾರಿಗೆ?" ಎಂದು ಕೇಳಿದಳು. ದೈವದ ಹೆಸರಿನಿಂದ ಸುರು ಮಾಡಬಹುದಿತ್ತು. ನಾನು ಸುರು ಮಾಡಿದ್ದು ಮುಡಿ ಅಕ್ಕಿ ಹೊತ್ತು ತರುತ್ತಿದ್ದ ಒಕ್ಕಲಿನಿಂದ. ಅವಳು ಫೋನು ಕೆಳಗಿಟ್ಟು, ಆಮೇಲೆ ಗದ್ದೆ ಯಾರಿಗೆ ಹೋಯಿತು ಎಂದು ಕೇಳಿದಳು.